4ಕೆ ಪರದೆಯಲ್ಲಿ ಸ್ಕೋರ್ ತೆವಳುತ್ತಿದೆಯಾ? ಮೊದಲು ವಿಂಡೋ ಚಿಕ್ಕದು ಮಾಡಿ ನೋಡಿ

ಹೊಸ 4ಕೆ ಮಾನಿಟರ್ ತಂದು, ವೈರು ಸಿಕ್ಕಿಸಿ, ಸಂಗೀತ ಬರೆಯುವ ಸಾಫ್ಟ್‌ವೇರ್‌ನಲ್ಲಿ ಸ್ಕೋರ್, ಅಂದರೆ ಸ್ವರಲಿಪಿಯ ಪುಟಗಳನ್ನು ತೆರೆದರೆ ಮೊದಲ ಐದು ನಿಮಿಷ ಖುಷಿಯೋ ಖುಷಿ. ಸ್ವರ ಕೂರಿಸುವ ಸ್ಟಾಫಿನ ಐದು ಗೆರೆಗಳು ಅಚ್ಚು ಹಾಕಿಸಿದ ಪುಸ್ತಕದಲ್ಲಿರುವಷ್ಟು ಸಣ್ಣಗೆ, ಚೂಪಾಗಿ ಕಾಣುತ್ತವೆ. ಆಮೇಲೆ ಪುಟ ಎಳೆಯಲು ಹೋಗುತ್ತೀರಿ. ಪುಟ ಒಂದು ಕ್ಷಣ ಯೋಚನೆ ಮಾಡಿ ಹೊರಡುತ್ತದೆ. ನೋಟ್ ಹಾಕಿದರೆ ಕೀ ಬಿಟ್ಟು ಎಷ್ಟೋ ಹೊತ್ತಿನ ಮೇಲೆ ಕಾಣಿಸಿಕೊಳ್ಳುತ್ತದೆ. ಹಳೆಯ ಪರದೆಯಲ್ಲಿ ಸಲೀಸಾಗಿ ಓಡುತ್ತಿದ್ದ ಅದೇ ಫೈಲು, ಅದೇ ಕಂಪ್ಯೂಟರ್, ಅದೇ ಸಾಫ್ಟ್‌ವೇರ್. ಬದಲಾಗಿದ್ದು ಪರದೆ ಒಂದೇ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಸಾಫ್ಟ್‌ವೇರ್ ಮಾಡಿದವರನ್ನು ಬೈಯುತ್ತಾರೆ, ಇಲ್ಲವೇ ಹೊಸ ಕಂಪ್ಯೂಟರ್ ಹುಡುಕಲು ಶುರು ಮಾಡುತ್ತಾರೆ. ಎರಡಕ್ಕೂ ಮೊದಲು ಅರ್ಧ ಗಂಟೆ ಕೊಡಿ. ಜ್ವರ ಅಂದರೆ ಯಾವ ಜ್ವರ ಅಂತ ಕೇಳುತ್ತೇವಲ್ಲ, ಹಾಗೆ ನಿಧಾನ ಅಂದರೆ ಯಾವ ನಿಧಾನ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಾಗದೆ ಸುಮ್ನೆ ಸೆಟ್ಟಿಂಗ್ ತಿರುವುತ್ತಾ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ.

ಪರದೆ ದೊಡ್ಡದಾದರೆ ಏನು ಜಾಸ್ತಿ ಆಗುತ್ತದೆ

ಲೆಕ್ಕ ಸಣ್ಣದು. ಫುಲ್ ಎಚ್‌ಡಿ ಪರದೆಯಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 4ಕೆಯಲ್ಲಿ 3840×2160, ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. 5ಕೆ ಪರದೆ ಇದ್ದರೆ 5120×2880, ಅಂದರೆ 1.47 ಕೋಟಿ, ಏಳು ಪಟ್ಟಿಗೂ ಜಾಸ್ತಿ. ಒಂದು ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ 4ಕೆಯ ಒಂದು ಚಿತ್ರಕ್ಕೇ 33 ಎಂಬಿ ಬೇಕು. ಸೆಕೆಂಡಿಗೆ 60 ಸಲ ಇದನ್ನು ಹೊಸದಾಗಿ ಬರೆಯಬೇಕಾದರೆ ಹತ್ತಿರ ಹತ್ತಿರ 2 ಜಿಬಿ ಅತ್ತಿಂದಿತ್ತ ಓಡಾಡಬೇಕು, ಅದೂ ಪ್ರತಿ ಸೆಕೆಂಡ್.

ವಿಡಿಯೋ ನೋಡುವಾಗ ಇದು ಯಾಕೆ ತೊಂದರೆ ಕೊಡುವುದಿಲ್ಲ ಅಂತ ಕೇಳಬಹುದು. ವಿಡಿಯೋ ಬಿಚ್ಚುವುದಕ್ಕೆ ಗ್ರಾಫಿಕ್ಸ್ ಚಿಪ್‌ನಲ್ಲಿ ಬೇರೆಯೇ ಭಾಗ ಇರುತ್ತದೆ. ಸ್ಕೋರ್‌ಗೆ ಅಂಥದ್ದೇನೂ ಇಲ್ಲ. ಪ್ರತಿ ನೋಟಿನ ತಲೆ, ಕಾಂಡ, ನೋಟ್‌ಗಳನ್ನು ಜೋಡಿಸುವ ಬೀಮ್ ಪಟ್ಟಿ, ಬಾಗಿದ ಸ್ಲರ್ ಗೆರೆ, ಐದೈದು ಗೆರೆ, ಎಲ್ಲವೂ ಗಣಿತದ ರೇಖೆಗಳು. ಫಾಂಟ್‌ನಿಂದ ಆಕಾರ ತೆಗೆದು, ಅಂಚನ್ನು ನಯ ಮಾಡಿ, ಒಂದೊಂದಾಗಿ ಬರೆಯಬೇಕು. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಈ ಬರೆಯುವ ಕೆಲಸ ಗ್ರಾಫಿಕ್ಸ್ ಚಿಪ್‌ಗೆ ಹೋಗುವುದೇ ಇಲ್ಲ, ಅಥವಾ ಅರ್ಧಂಬರ್ಧ ಹೋಗುತ್ತದೆ. ಉಳಿದದ್ದನ್ನು ಪ್ರೊಸೆಸರಿನ ಒಂದೇ ಒಂದು ಕೋರ್ ಕೂತು ಬಿಡಿಸುತ್ತದೆ. ಎಂಟು ಕೋರ್ ಇದ್ದರೆ ಉಳಿದ ಏಳು ಆಕಳಿಸುತ್ತಾ ಇರುತ್ತವೆ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ದೊಡ್ಡ ಪರದೆ ಬಂದ ಮೇಲೆ ನಾವು ಕೂಡ ಬದಲಾಗುತ್ತೇವೆ. ಮೊದಲು ಒಂದು ಪುಟ ನೋಡುತ್ತಿದ್ದವರು ಈಗ ನಾಲ್ಕು ಪುಟ ಒಟ್ಟಿಗೆ ತೆರೆದಿಡುತ್ತೇವೆ. ಮೂವತ್ತು ಸ್ಟಾಫಿನ ಆರ್ಕೆಸ್ಟ್ರಾ ಸ್ಕೋರ್ ಆದರೆ ಕಣ್ಣೆದುರು ಏಕಕಾಲಕ್ಕೆ ಸಾವಿರಾರು ಚಿಹ್ನೆಗಳು. ಹಾಗಾಗಿ ಪಿಕ್ಸೆಲ್ ನಾಲ್ಕು ಪಟ್ಟು, ಬಿಡಿಸಬೇಕಾದ ವಸ್ತುಗಳೂ ನಾಲ್ಕು ಪಟ್ಟು.

ಹಂತ 1: ವಿಂಡೋ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ನಿಮಗೆ ತೊಂದರೆ ಕೊಡುತ್ತಿರುವ ಸ್ಕೋರ್ ತೆರೆಯಿರಿ. ವಿಂಡೋ ಪೂರ್ತಿ ಪರದೆ ತುಂಬಿರಲಿ. ಪುಟವನ್ನು ಎಳೆದಾಡಿ, ಹತ್ತು ನೋಟ್ ಹಾಕಿ, ಒಂದು ನೋಟನ್ನು ಬಾಣದ ಕೀಯಿಂದ ಮೇಲೆ ಕೆಳಗೆ ಮಾಡಿ. ಎಷ್ಟು ತಡ ಅನ್ನುವುದು ಮನಸ್ಸಿನಲ್ಲಿರಲಿ. ಈಗ ಅದೇ ವಿಂಡೋವನ್ನು ಪರದೆಯ ಕಾಲು ಭಾಗಕ್ಕೆ ಕುಗ್ಗಿಸಿ. ಝೂಮ್ ಬದಲಾಯಿಸಬೇಡಿ. ಅದೇ ಕೆಲಸ ಮತ್ತೆ ಮಾಡಿ.

ಎಳೆಯುವುದೂ ನೋಟ್ ಹಾಕುವುದೂ ಎರಡೂ ಚುರುಕಾದರೆ ತೊಂದರೆ ಇರುವುದು ಬಿಡಿಸುವುದರಲ್ಲಿ, ಅಂದರೆ ನಿಜವಾಗಿಯೂ ಪರದೆಯದ್ದೇ. ಹಂತ 2ರಿಂದ 5ರವರೆಗೆ ನಿಮಗಾಗಿ ಬರೆದದ್ದು. ಎಳೆಯುವುದು ಮೊದಲಿನಿಂದಲೂ ಸಲೀಸಾಗಿದ್ದು, ನೋಟ್ ಹಾಕುವುದು ಮಾತ್ರ ವಿಂಡೋ ಎಷ್ಟಿದ್ದರೂ ಅಷ್ಟೇ ತಡವಾಗುತ್ತಿದ್ದರೆ ಪರದೆಗೂ ಅದಕ್ಕೂ ಸಂಬಂಧ ಇಲ್ಲ. ಅದು ಲೇಔಟ್ ಲೆಕ್ಕ, ಹಂತ 6ಕ್ಕೆ ಹೋಗಿ. ನೋಟ್ ಹಾಕಿದಾಗ ಚಿಹ್ನೆ ತಕ್ಷಣ ಕಂಡು, ಧ್ವನಿ ಮಾತ್ರ ಹಿಂದೆ ಬಿದ್ದರೆ ಅದು ಆಡಿಯೋ, ಹಂತ 7. ಇನ್ನು ಸಾಫ್ಟ್‌ವೇರ್ ಯಾವುದೇ ಇರಲಿ, ಮೌಸ್ ಬಾಣವೇ ಅಂಟಂಟಾಗಿ ಓಡುತ್ತಿದೆ ಅಂದರೆ ನೇರ ಹಂತ 2.

ನಂಬಿಕೆ ಬರದಿದ್ದರೆ ಎರಡನೇ ಸಾಕ್ಷಿ ಕೇಳಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪುಟ ಎಳೆಯುತ್ತಾ ಸಿಪಿಯು (ಪ್ರೊಸೆಸರ್) ಮತ್ತು ಜಿಪಿಯು (ಗ್ರಾಫಿಕ್ಸ್ ಚಿಪ್) ಕಾಲಂ ನೋಡಿ. ಇಲ್ಲಿ ಮೋಸ ಹೋಗುವುದು ಸುಲಭ. 12 ಅಥವಾ 13 ಶೇಕಡಾ ಅಂತ ತೋರಿಸಿದರೆ "ಅಯ್ಯೋ, ಕಂಪ್ಯೂಟರ್ ಕೆಲಸವೇ ಮಾಡುತ್ತಿಲ್ಲ" ಅನಿಸುತ್ತದೆ. ಆದರೆ ಎಂಟು ಕೋರ್‌ನ ಯಂತ್ರದಲ್ಲಿ 12.5 ಶೇಕಡಾ ಅಂದರೆ ಒಂದು ಕೋರ್ ಪೂರ್ತಿ ಉಸಿರುಗಟ್ಟಿ ದುಡಿಯುತ್ತಿದೆ ಅಂತ ಅರ್ಥ. ಹದಿನಾರು ಥ್ರೆಡ್ ಇದ್ದರೆ ಅದೇ ಆರು ಶೇಕಡಾ ಅಂತ ಕಾಣುತ್ತದೆ. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್ ಲೆಕ್ಕವೇ ಬೇರೆ, ಅಲ್ಲಿ ಒಂದು ಕೋರ್ ಪೂರ್ತಿ ಅಂದರೆ 100 ಶೇಕಡಾ. ಅದರ ವಿಂಡೋ ಮೆನುವಿನಲ್ಲಿ ಜಿಪಿಯು ಹಿಸ್ಟರಿಯೂ ಇದೆ, ತೆರೆದಿಟ್ಟುಕೊಳ್ಳಿ. ಒಂದು ಕೋರ್ ತುಂಬಿ ಜಿಪಿಯು ಖಾಲಿ ಕೂತಿದ್ದರೆ ಎಷ್ಟು ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದರೂ ಏನೂ ಬದಲಾಗುವುದಿಲ್ಲ. ಇದೊಂದು ಮಾತಿಗೇ ಈ ಪರೀಕ್ಷೆ ಮಾಡಿ ಅನ್ನುತ್ತೇನೆ.

ಹಂತ 2: ವೈರು ಮತ್ತು ಹರ್ಟ್ಜ್

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಎರಡು ವಾರ ಸಾಫ್ಟ್‌ವೇರ್ ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ, ಪ್ರಿಫರೆನ್ಸ್ ಎಲ್ಲ ಅಳಿಸಿ, ಕೊನೆಗೆ ಒಂದು ದಿನ ಸುಮ್ನೆ ಡೆಸ್ಕ್‌ಟಾಪ್ ಮೇಲೆ ಮೌಸ್ ಆಡಿಸುತ್ತಾ ಕೂತಿದ್ದಾಗ ಬಾಣವೇ ಜಿಗಿದು ಜಿಗಿದು ಹೋಗುತ್ತಿರುವುದು ಕಂಡಿತು. ಹಳೆಯ ಎಚ್‌ಡಿಎಂಐ ವೈರನ್ನೇ ಹಳೆಯ ಡಾಕ್‌ಗೆ, ಅಂದರೆ ಲ್ಯಾಪ್‌ಟಾಪಿಗೆ ಹಲವು ವೈರು ಸೇರಿಸುವ ಪೆಟ್ಟಿಗೆಗೆ, ಸಿಕ್ಕಿಸಿದ್ದೆ. ಪರದೆ 30 ಹರ್ಟ್ಜ್‌ನಲ್ಲಿ ಓಡುತ್ತಿತ್ತು.

ಎಚ್‌ಡಿಎಂಐ 1.4 ಎನ್ನುವ ಹಳೆಯ ಮಟ್ಟದಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಬರೀ ವೈರು ಹೊಸದಾದರೆ ಸಾಲದು, ಕಂಪ್ಯೂಟರಿನ ಕಿಂಡಿ, ನಡುವಿನ ಡಾಕ್, ಮಾನಿಟರಿನ ಕಿಂಡಿ ಎಲ್ಲವೂ ಅದಕ್ಕೆ ತಕ್ಕಂತಿರಬೇಕು. ಯುಎಸ್‌ಬಿ-ಸಿ ಡಾಕ್‌ಗಳಲ್ಲಿ ಇನ್ನೊಂದು ಕಿತಾಪತಿ ಇದೆ: ಒಂದೇ ವೈರಿನಲ್ಲಿ ಚಿತ್ರವೂ ಹೋಗಬೇಕು, ಹಾರ್ಡ್‌ಡಿಸ್ಕ್ ಡೇಟಾವೂ ಹೋಗಬೇಕು, ಹಾಗಾಗಿ ಎಷ್ಟೋ ಡಾಕ್‌ಗಳು ಚಿತ್ರವನ್ನು 30ಕ್ಕೆ ಇಳಿಸಿಬಿಡುತ್ತವೆ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 30ರಲ್ಲಿ 33.3. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಆದರೆ ನೋಟ್ ಹಿಡಿದು ಎಳೆಯುವ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ.

ನೋಡುವುದು ಹೇಗೆ? ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ ಇರುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಒಳಗೆ. 30 ಅಂತಿದ್ದು ಮೇಲೆ 60 ಆಯ್ಕೆ ಇದ್ದರೆ ಹಾಕಿಬಿಡಿ. ಆಯ್ಕೆಯೇ ಇಲ್ಲ ಅಂದರೆ ಡಾಕ್ ಬಿಟ್ಟು ಕಂಪ್ಯೂಟರಿಗೇ ನೇರ ಸಿಕ್ಕಿಸಿ ನೋಡಿ.

ಹಂತ 3: ವಿಂಡೋಸ್‌ನಲ್ಲಿ

ಮೊದಲು ಡ್ರೈವರ್. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ. ಅಲ್ಲಿ "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತ ಇದ್ದರೆ ರೋಗ ಸಿಕ್ಕಿತು. ನಿಮ್ಮ ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಕೂತೇ ಇಲ್ಲ, ಇಡೀ ಪರದೆಯನ್ನು ಪ್ರೊಸೆಸರ್ ಒಂದೇ ಹೊರುತ್ತಿದೆ. ಚಿಪ್ ಮಾಡಿದ ಕಂಪನಿಯ ಅಥವಾ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಡ್ರೈವರ್ ಇಳಿಸಿ ಹಾಕಿ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ, ಪಟ್ಟಿಯಲ್ಲಿ ನಿಮ್ಮ ಸಾಫ್ಟ್‌ವೇರ್ ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸಿ. ಜಿಪಿಯು ಬಳಸುವ ಸಾಫ್ಟ್‌ವೇರ್‌ಗೆ ಇದರಿಂದ ಉಪಯೋಗ. ಹಂತ 1ರಲ್ಲಿ ಜಿಪಿಯು ಖಾಲಿ ಇತ್ತು ಅಂತ ಕಂಡವರಿಗೆ ಇದರಿಂದ ಏನೂ ಆಗಲಿಕ್ಕಿಲ್ಲ, ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಚಾರ್ಜರ್ ಸಿಕ್ಕಿಸದೆ ಕೆಲಸ ಮಾಡುತ್ತಿದ್ದರೆ ಅದನ್ನೂ ಸಿಕ್ಕಿಸಿ ನೋಡಿ, ಬ್ಯಾಟರಿಯಲ್ಲಿರುವಾಗ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಈಗ ಮುಖ್ಯವಾದದ್ದು. ಹಳೆಯ ಸಾಫ್ಟ್‌ವೇರ್ ಬಳಸುವವರು ಇಲ್ಲಿ ಗಮನ ಕೊಡಿ. ಪ್ರೋಗ್ರಾಮಿನ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ "ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್" ಅನ್ನುವ ಬಟನ್. ಅದರ ಕೆಳಭಾಗದಲ್ಲಿ ಒಂದು ಟಿಕ್ ಪೆಟ್ಟಿಗೆ, ಅದರ ಜೊತೆ ಮೂರು ಆಯ್ಕೆ. "ಅಪ್ಲಿಕೇಶನ್" ಅಂದರೆ ಸಾಫ್ಟ್‌ವೇರ್ ತಾನೇ ಪೂರ್ತಿ ಪಿಕ್ಸೆಲ್‌ಗಳಲ್ಲಿ ಬಿಡಿಸುತ್ತದೆ. "ಸಿಸ್ಟಮ್" ಅಂದರೆ ಸಾಫ್ಟ್‌ವೇರ್‌ಗೆ ಪರದೆ ಚಿಕ್ಕದು ಅಂತ ಸುಳ್ಳು ಹೇಳಿ, ಅದು ಬಿಡಿಸಿದ ಚಿಕ್ಕ ಚಿತ್ರವನ್ನು ವಿಂಡೋಸ್ ಹಿಗ್ಗಿಸುತ್ತದೆ. ಸ್ಕೇಲ್, ಅಂದರೆ ಅಕ್ಷರ, ಬಟನ್ ಹಿಗ್ಗಿಸುವ ಪ್ರಮಾಣ, 200 ಶೇಕಡಾ ಇದ್ದರೆ 4ಕೆ ಪರದೆಯನ್ನು ಅದು 1920×1080 ಅಂದುಕೊಳ್ಳುತ್ತದೆ, ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ. ಬೆಲೆ ಏನಪ್ಪಾ ಅಂದರೆ ಅಕ್ಷರ, ಗೆರೆ ಎಲ್ಲ ಸ್ವಲ್ಪ ಮಸುಕು. ಮೂರನೆಯದು "ಸಿಸ್ಟಮ್ (ಎನ್‌ಹಾನ್ಸ್ಡ್)", 2017ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು. ವಿಂಡೋಸ್‌ನ ಹಳೆಯ ಜಿಡಿಐ ವಿಧಾನದಲ್ಲಿ ಬಿಡಿಸುವ ಸಾಫ್ಟ್‌ವೇರ್‌ಗಳಲ್ಲಿ ಅಕ್ಷರ ಚೂಪಾಗಿ ಕಾಣುತ್ತದೆ, ಆದರೆ ವೇಗ ಅಷ್ಟಾಗಿ ಹೆಚ್ಚುವುದಿಲ್ಲ.

ಯಾವುದು ಒಳ್ಳೆಯದು? ನನ್ನ ಪದ್ಧತಿ ಇದು: ನೋಟ್ ತುಂಬಿಸುವ ದಿನಗಳಲ್ಲಿ "ಸಿಸ್ಟಮ್", ಪುಟ ಒಪ್ಪ ಮಾಡುವ ಕೊನೆಯ ದಿನಗಳಲ್ಲಿ ಟಿಕ್ ತೆಗೆದು ಹಾಕುತ್ತೇನೆ. ಮಸುಕಾಗಿ ಕಂಡರೂ ಪಿಡಿಎಫ್‌ಗೂ ಪ್ರಿಂಟಿಗೂ ಏನೂ ಆಗುವುದಿಲ್ಲ, ಅವು ಬೇರೆ ದಾರಿಯಲ್ಲಿ ತಯಾರಾಗುತ್ತವೆ. ಆಯ್ಕೆ ಬದಲಿಸಿದ ಮೇಲೆ ಸಾಫ್ಟ್‌ವೇರ್ ಮುಚ್ಚಿ ತೆರೆಯಲು ಮರೆಯಬೇಡಿ. ಎಷ್ಟೋ ಜನ ಇಲ್ಲೇ ಎಡವಿ "ಏನೂ ಆಗಲಿಲ್ಲ" ಅನ್ನುತ್ತಾರೆ.

ಎರಡು ಮಾನಿಟರ್ ಇಟ್ಟುಕೊಂಡವರಿಗೆ ಒಂದು ಮಾತು. ಒಂದು 100 ಶೇಕಡಾ, ಇನ್ನೊಂದು 200 ಶೇಕಡಾ ಸ್ಕೇಲ್‌ನಲ್ಲಿದ್ದಾಗ ವಿಂಡೋವನ್ನು ಎರಡರ ನಡುವೆ ಹರಡಿ ಇಡಬೇಡಿ. ಪೂರ್ತಿ ಒಂದರಲ್ಲಿಡಿ. ಇನ್ನೂ ಒಳ್ಳೆಯದು, ಸ್ಕೋರ್ ಹಳೆಯ ಫುಲ್ ಎಚ್‌ಡಿ ಪರದೆಯಲ್ಲಿ, ಉಳಿದದ್ದೆಲ್ಲ 4ಕೆಯಲ್ಲಿ. ದುಡ್ಡು ಕೊಟ್ಟು 4ಕೆ ತಂದವರಿಗೆ ಈ ಸಲಹೆ ರುಚಿಸುವುದಿಲ್ಲ ಅಂತ ಗೊತ್ತು.

ಹಂತ 4: ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಕಣ್ಣಿಗೆ ಕಾಣದ ಒಂದು ಲೆಕ್ಕ ನಡೆಯುತ್ತಿರುತ್ತದೆ. 4ಕೆ ಮಾನಿಟರ್ ಹಾಕಿ, ಡಿಸ್‌ಪ್ಲೇಸ್‌ನಲ್ಲಿ "2560×1440ರಂತೆ ಕಾಣಲಿ" ಅನ್ನುವ ಆಯ್ಕೆ ಮಾಡಿದ್ದೀರಿ ಅಂದುಕೊಳ್ಳಿ. ತುಂಬಾ ಜನ ಇದನ್ನೇ ಆರಿಸುತ್ತಾರೆ, ಅಕ್ಷರ ಹದವಾಗಿರುತ್ತದೆ. ಆಗ ಮ್ಯಾಕ್ ಮೊದಲು ಅದರ ಎರಡರಷ್ಟು ಉದ್ದ ಎರಡರಷ್ಟು ಎತ್ತರ, ಅಂದರೆ 5120×2880 ಚಿತ್ರ ಬಿಡಿಸುತ್ತದೆ. ಆಮೇಲೆ ಅದನ್ನು 3840×2160ಕ್ಕೆ ಕುಗ್ಗಿಸುತ್ತದೆ. ಪರದೆ 4ಕೆ, ಕೆಲಸ 5ಕೆಯದ್ದು! "1920×1080ರಂತೆ ಕಾಣಲಿ" ಅಂತ ಆರಿಸಿದರೆ ಎರಡರಷ್ಟು ಮಾಡಿದಾಗ ಸರಿಯಾಗಿ 3840×2160 ಬರುತ್ತದೆ, ಕುಗ್ಗಿಸುವ ಕೆಲಸವೇ ಇಲ್ಲ. ಒಂದೇ ಕ್ಲಿಕ್‌ನಲ್ಲಿ ಬಿಡಿಸಬೇಕಾದ ಪಿಕ್ಸೆಲ್ 1.47 ಕೋಟಿಯಿಂದ 83 ಲಕ್ಷಕ್ಕೆ ಇಳಿಯಿತು. ಮೆನು, ಬಟನ್ ದೊಡ್ಡದಾಗುತ್ತವೆ, ಜಾಗ ಕಡಿಮೆ ಅನಿಸುತ್ತದೆ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಇಂಟೆಲ್ ಚಿಪ್‌ನ ಹಳೆಯ ಮ್ಯಾಕ್ ಆದರೆ ಇನ್ನೊಂದು ಉಪಾಯ ಇದೆ. ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ಸಾಫ್ಟ್‌ವೇರ್ ಆರಿಸಿ, ಗೆಟ್ ಇನ್ಫೋ ತೆರೆದು, "ಓಪನ್ ಇನ್ ಲೋ ರೆಸಲ್ಯೂಶನ್" ಟಿಕ್ ಮಾಡಿ. ಆ ಒಂದು ಸಾಫ್ಟ್‌ವೇರ್ ಮಾತ್ರ ಕಾಲು ಭಾಗ ಪಿಕ್ಸೆಲ್‌ಗಳಲ್ಲಿ ಓಡುತ್ತದೆ. ವಿಂಡೋಸ್‌ನ "ಸಿಸ್ಟಮ್" ಆಯ್ಕೆಯ ಅಣ್ಣ ತಮ್ಮ ಅನ್ನಬಹುದು. ಈ ಪೆಟ್ಟಿಗೆ ಕಾಣಿಸದಿದ್ದರೆ ಡಿಸ್‌ಪ್ಲೇಸ್‌ನಲ್ಲಿ ಎಲ್ಲ ರೆಸಲ್ಯೂಶನ್‌ಗಳನ್ನೂ ಪಟ್ಟಿಯಾಗಿ ತೋರಿಸು ಅಂತ ಹೇಳಿ, "ಲೋ ರೆಸಲ್ಯೂಶನ್" ಎಂದು ಗುರುತಿರುವ 1920×1080 ಹಾಕಿ. ಪರೀಕ್ಷೆಗೆ ಸಾಕು, ದಿನವಿಡೀ ನೋಡಲು ಕಣ್ಣಿಗೆ ಹಿತ ಅಲ್ಲ.

ಲಿನಕ್ಸ್ ಬಳಸುವವರಿಗೆ ಚಿಕ್ಕದಾಗಿ: 125, 150 ಶೇಕಡಾದಂಥ ಸ್ಕೇಲ್ ಹಾಕಿದ್ದರೆ ಕೆಲವು ಡೆಸ್ಕ್‌ಟಾಪ್‌ಗಳು ಮ್ಯಾಕ್ ಮಾಡುವ ಕೆಲಸವನ್ನೇ ಮಾಡುತ್ತವೆ, ದೊಡ್ಡದಾಗಿ ಬಿಡಿಸಿ ಕುಗ್ಗಿಸುತ್ತವೆ. 100 ಅಥವಾ 200ಕ್ಕೆ ತಂದು ನೋಡಿ. 100ರಲ್ಲಿಟ್ಟು ಫಾಂಟ್ ಗಾತ್ರ ಮಾತ್ರ ಹೆಚ್ಚಿಸಿಕೊಳ್ಳುವುದೂ ಒಳ್ಳೆಯ ದಾರಿ.

ಹಂತ 5: ಸಾಫ್ಟ್‌ವೇರ್ ಒಳಗೆ ಕೈ ಹಾಕುವುದು

ಮೊದಲ ಬಲಿ ಕಾಗದದ ಚಿತ್ರ. ಮ್ಯೂಸ್‌ಸ್ಕೋರ್‌ನಲ್ಲಿ ಹಿನ್ನೆಲೆಗೂ ಪುಟಕ್ಕೂ ವಾಲ್‌ಪೇಪರ್ ಹಾಕಬಹುದು, ಸಿಬೇಲಿಯಸ್‌ನಲ್ಲಿ ಟೆಕ್ಸ್ಚರ್ಸ್ ಅಂತ ಬೇರೆ ವಿಭಾಗವೇ ಇದೆ. ಹಳದಿ ಕಾಗದ, ಮರದ ಮೇಜು, ನೋಡಲು ಚೆನ್ನ. ಆದರೆ ಪುಟ ಎಳೆದಾಗಲೆಲ್ಲ ಆ ಚಿತ್ರವನ್ನು ಹಿಂದೆ ಹಾಸಬೇಕು, ಮೇಲೆ ಗೆರೆ ಬರೆಯಬೇಕು. ಎರಡನ್ನೂ ಬರೀ ಬಣ್ಣಕ್ಕೆ ಬದಲಾಯಿಸಿ. ಕಣ್ಣಿಗೆ ಬಿಳಿ ಚುಚ್ಚುತ್ತದೆ ಅಂದರೆ ಕೆನೆ ಬಣ್ಣ ಹಾಕಿಕೊಳ್ಳಿ, ಬಣ್ಣಕ್ಕೆ ಖರ್ಚಿಲ್ಲ.

ಸ್ಕೋರ್ ಒಳಗೆ ಚಿತ್ರ ಇದೆಯಾ ನೋಡಿ. ಹಳೆಯ ಹಸ್ತಪ್ರತಿಯ ಸ್ಕ್ಯಾನ್ ಅನ್ನು ಪುಟದ ಮೇಲೆ ಅಂಟಿಸಿಕೊಂಡು ಅದನ್ನು ನೋಡುತ್ತಾ ನಕಲು ಮಾಡುವವರು ಇದ್ದಾರೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಒಂದು ಎ4 ಹಾಳೆ 2480×3508, ಸುಮಾರು 87 ಲಕ್ಷ ಪಿಕ್ಸೆಲ್. ಇಡೀ 4ಕೆ ಪರದೆಗಿಂತ ದೊಡ್ಡದು! ಅಂಥ ನಾಲ್ಕು ಪುಟ ಒಟ್ಟಿಗೆ ಕಣ್ಣೆದುರಿದ್ದರೆ ಯಾವ ಸಾಫ್ಟ್‌ವೇರ್ ತಾನೇ ಓಡೀತು? ಸ್ಕ್ಯಾನ್ ಅನ್ನು ಬೇರೆ ವಿಂಡೋದಲ್ಲಿ ಪಕ್ಕಕ್ಕಿಟ್ಟುಕೊಳ್ಳಿ. ಶೀರ್ಷಿಕೆ ಪುಟದ ಲೋಗೋ ಕೂಡ ಬೆರಳಷ್ಟು ಕಂಡರೂ ಒಳಗೆ ಗೋಡೆಯಷ್ಟು ಇರಬಹುದು, ಮೊದಲೇ ಚಿಕ್ಕದು ಮಾಡಿ ಸೇರಿಸಿ.

ಆಮೇಲೆ ಪ್ಯಾನಲ್‌ಗಳು. ಮಿಕ್ಸರ್ ತೆರೆದಿದ್ದರೆ ಪ್ಲೇ ಮಾಡುವಾಗ ಅದರ ಮೀಟರ್‌ಗಳು ಒಂದೇ ಸಮನೆ ಕುಣಿಯುತ್ತವೆ, ಪ್ರತಿ ಕುಣಿತಕ್ಕೂ ಪರದೆಯ ಒಂದು ತುಂಡನ್ನು ಮತ್ತೆ ಬಿಡಿಸಬೇಕು. ಮೂವತ್ತು ವಾದ್ಯ ಇದ್ದರೆ ಮೂವತ್ತು ಮೀಟರ್. ನ್ಯಾವಿಗೇಟರ್ ಅಂತೂ ಇಡೀ ಸ್ಕೋರ್‌ನ ಪುಟ್ಟ ನಕಲು, ಅಂದರೆ ಒಂದೇ ಸ್ಕೋರನ್ನು ಎರಡು ಸಲ ಬಿಡಿಸಿದಂತೆ. ಪಿಯಾನೋ ಕೀಬೋರ್ಡ್, ಟೈಮ್‌ಲೈನ್, ಬೇಡದ್ದನ್ನೆಲ್ಲ ಮುಚ್ಚಿ. ಪ್ಲೇ ಮಾಡುವಾಗ ಮಾತ್ರ ತಡವರಿಸುತ್ತದೆ ಅನ್ನುವವರು ಪುಟ ತಾನಾಗಿ ಸರಿಯುವ ಆಯ್ಕೆಯನ್ನೂ ತೆಗೆದು ನೋಡಿ, ಮ್ಯೂಸ್‌ಸ್ಕೋರ್ 4ರಲ್ಲಿ ಅದು ಪ್ಲೇಬ್ಯಾಕ್ ಪಟ್ಟಿಯ ಹಲ್ಲಿನ ಚಕ್ರದೊಳಗೆ ಇದೆ.

ಮ್ಯೂಸ್‌ಸ್ಕೋರ್‌ನ ಹಳೆಯ ಆವೃತ್ತಿಗಳಲ್ಲಿ ಅಂಚು ನಯ ಮಾಡುವ ಆಂಟಿಅಲಿಯಾಸಿಂಗ್‌ಗೆ ಪ್ರಿಫರೆನ್ಸ್‌ನಲ್ಲೇ ಟಿಕ್ ಇತ್ತು. ಅಂಥದ್ದು ಇದ್ದರೆ ತೆಗೆದು ನೋಡಿ. ಹಳೆಯ ಪರದೆಯಲ್ಲಿ ಇದನ್ನು ತೆಗೆದರೆ ಸ್ಲರ್‌ಗಳು ಗರಗಸದ ಹಲ್ಲಿನಂತೆ ಕಾಣುತ್ತಿದ್ದವು. 4ಕೆಯಲ್ಲಿ ಪಿಕ್ಸೆಲ್‌ಗಳೇ ಅಷ್ಟು ಸಣ್ಣಗಿರುವುದರಿಂದ ವ್ಯತ್ಯಾಸ ಕಣ್ಣಿಗೆ ಅಷ್ಟು ಬೀಳುವುದಿಲ್ಲ.

ಪುಟಗಳ ನೋಟ ಬಿಟ್ಟು ಒಂದೇ ಸಾಲಿನ ನೋಟಕ್ಕೆ ಹೋಗುವುದು ಇನ್ನೊಂದು ದಾರಿ. ಮ್ಯೂಸ್‌ಸ್ಕೋರ್‌ನಲ್ಲಿ ಕಂಟಿನ್ಯೂಯಸ್ ವ್ಯೂ, ಸಿಬೇಲಿಯಸ್‌ನಲ್ಲಿ ಪನೋರಮಾ, ಡೊರಿಕೊದಲ್ಲಿ ಗ್ಯಾಲಿ ವ್ಯೂ, ಫಿನಾಲೆಯಲ್ಲಿ ಸ್ಕ್ರೋಲ್ ವ್ಯೂ. ಕೆಲವು ಸ್ಕೋರ್‌ಗಳಿಗೆ ಇದರಿಂದ ತುಂಬಾ ಹಗುರ, ಕೆಲವಕ್ಕೆ ಏನೂ ಇಲ್ಲ, ಬಹಳ ಉದ್ದದ ಸ್ಕೋರ್ ಆದರೆ ಉಲ್ಟಾ ಭಾರವೂ ಆಗಬಹುದು. ಬದಲಿಸಿ ನೋಡಲು ಎರಡು ಸೆಕೆಂಡ್ ಸಾಕಲ್ವಾ.

ಇದೆಲ್ಲಕ್ಕಿಂತ ಸುಲಭದ್ದು, ಝೂಮ್ ಹೆಚ್ಚಿಸಿ. ನಾಲ್ಕು ಪುಟ ಕಾಣುವ ಜಾಗದಲ್ಲಿ ಒಂದೂವರೆ ಪುಟ ಕಂಡರೆ ಬಿಡಿಸುವ ಚಿಹ್ನೆಗಳು ಕಡಿಮೆಯಾಗುತ್ತವೆ, ನಿಮ್ಮ ಕುತ್ತಿಗೆಯೂ ಮುಂದಕ್ಕೆ ಬಾಗುವುದಿಲ್ಲ.

ಫಿನಾಲೆ ಬಳಸುವವರು ತಿಳಿದಿರಲಿ: ಅದನ್ನು ಮಾಡುತ್ತಿದ್ದ ಕಂಪನಿ 2024ರ ಆಗಸ್ಟ್‌ನಲ್ಲಿ ಮುಂದಿನ ಬೆಳವಣಿಗೆ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ಮುಂದಿನ ಆವೃತ್ತಿಯಲ್ಲಿ ಸರಿಹೋದೀತು ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಹಂತ 3, 4ರ ಉಪಾಯಗಳೇ ಗತಿ. ಸ್ಕೋರ್‌ಗಳನ್ನು ಬೇರೆ ಸಾಫ್ಟ್‌ವೇರ್‌ಗಳೂ ಓದುವ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ರಫ್ತು ಮಾಡಿ ಒಂದು ಕಡೆ ಇಟ್ಟುಕೊಳ್ಳುವುದು ಜಾಣತನ.

ಹಂತ 6: ತಪ್ಪು ಪರದೆಯದ್ದಲ್ಲದಿದ್ದರೆ

ಒಂದು ಬಾರ್‌ನಲ್ಲಿ, ಅಂದರೆ ಎರಡು ನಿಲುಗೆರೆಗಳ ನಡುವಿನ ಮನೆಯಲ್ಲಿ, ನಾಲ್ಕು ನೋಟ್ ಇದ್ದದ್ದು ಹದಿನಾರು ಆದರೆ ಆ ಬಾರ್ ಅಗಲವಾಗುತ್ತದೆ. ಸಾಲಿನ ಕೊನೆಯ ಬಾರ್ ಕೆಳಗಿನ ಸಾಲಿಗೆ ಜಾರುತ್ತದೆ. ಅಲ್ಲಿಂದ ಮುಂದಿನ ಸಾಲಿಗೆ, ಮುಂದಿನ ಪುಟಕ್ಕೆ. ಸ್ಕೋರ್‌ನ ಮೊದಲಲ್ಲಿ ಕೈ ಹಾಕಿದರೆ ಕೊನೆಯವರೆಗೂ ಅಲ್ಲಾಡಬಹುದು. ಈ ಲೆಕ್ಕ ಪಿಕ್ಸೆಲ್‌ಗಳದ್ದಲ್ಲ, ಅಳತೆಗಳದ್ದು. ಚಿಕ್ಕ ಪರದೆಯಲ್ಲೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಸಾಲು, ಪುಟ ಒಡೆಯುವ ಜಾಗಗಳನ್ನು ನೀವೇ ಗಟ್ಟಿಮಾಡಿದರೆ ಅಲುಗಾಟ ಅಷ್ಟಕ್ಕೇ ನಿಲ್ಲುವ ಸಾಧ್ಯತೆ ಹೆಚ್ಚು. ಪ್ರತ್ಯೇಕ ವಾದ್ಯಗಳ ಪಾರ್ಟ್‌ಗಳ ಟ್ಯಾಬ್ ತೆರೆದಿದ್ದರೆ ಮುಚ್ಚಿ, ನೋಟ್ ತುಂಬಿಸುವಾಗ ಅವು ಬೇಕಿಲ್ಲ. ಡೊರಿಕೊದಲ್ಲಿ ಕಂಡೆನ್ಸಿಂಗ್, ಅಂದರೆ ಎರಡು ಮೂರು ವಾದ್ಯಗಳನ್ನು ತಾನೇ ಒಂದು ಸ್ಟಾಫಿಗೆ ಸೇರಿಸುವ ಸೌಲಭ್ಯ, ತುಂಬಾ ಲೆಕ್ಕ ಬೇಡುವ ಕೆಲಸ. ಬರೆಯುವಾಗ ಎಡಿಟ್ ಮೆನುವಿನಲ್ಲಿ ಅದನ್ನು ಆಫ್ ಮಾಡಿಟ್ಟು, ಮುದ್ರಣಕ್ಕೆ ಮೊದಲು ಹಾಕಿಕೊಳ್ಳಿ. ಗ್ಯಾಲಿ ವ್ಯೂನಲ್ಲಿ ಅದು ತೋರುವುದೇ ಇಲ್ಲ. ನಾಲ್ಕು ಭಾಗದ ದೊಡ್ಡ ಕೃತಿ ಒಂದೇ ಉದ್ದ ಸ್ಕೋರ್ ಆಗಿದ್ದರೆ ನಾಲ್ಕು ಫೈಲು ಮಾಡಿ, ಪಿಡಿಎಫ್‌ಗಳನ್ನು ಕೊನೆಯಲ್ಲಿ ಜೋಡಿಸಿ.

ಕೆಲವು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದಂತೆ ತಪ್ಪದೆ ಒಂದೆರಡು ಸೆಕೆಂಡ್ ನಿಂತು ಹೋಗುತ್ತದೆ ಅಂದರೆ ಅದು ಬಹುಶಃ ಆಟೋಸೇವ್. ಅದನ್ನು ಪೂರ್ತಿ ಆಫ್ ಮಾಡಬೇಡಿ, ಒಂದು ದಿನ ಅತ್ತುಬಿಡುತ್ತೀರಿ. ಸಮಯದ ಅಂತರ ಜಾಸ್ತಿ ಮಾಡಿ, ಫೈಲನ್ನು ಕ್ಲೌಡ್ ಫೋಲ್ಡರಿನಿಂದ ತಂದು ಕಂಪ್ಯೂಟರಿನದ್ದೇ ಡಿಸ್ಕ್‌ನಲ್ಲಿಡಿ.

ಹಂತ 7: ಧ್ವನಿ ಹಿಂದೆ ಬೀಳುವುದು

ದೊಡ್ಡ ಧ್ವನಿ ಲೈಬ್ರರಿಗಳು ಮೆಮರಿಯನ್ನೂ ಪ್ರೊಸೆಸರನ್ನೂ ತಿನ್ನುತ್ತವೆ, ಅದರ ಪೆಟ್ಟು ಪರದೆಯ ಮೇಲೂ ಬೀಳುತ್ತದೆ. ಬರೆಯುವಾಗ ಸಾಫ್ಟ್‌ವೇರ್ ಜೊತೆ ಬರುವ ಸಾದಾ ಧ್ವನಿ ಹಾಕಿಕೊಂಡು ಪರೀಕ್ಷಿಸಿ. ಆಗ ಪುಟವೂ ಸಲೀಸಾಗಿ ಓಡಿದರೆ ಸುಮ್ಮನೆ ಪರದೆಯನ್ನು ಬೈದಿದ್ದೀರಿ. ಧ್ವನಿಯನ್ನು ತುಸು ಮುಂಚೆ ಕೂಡಿಟ್ಟುಕೊಳ್ಳುವ ಬಫರ್ ತುಂಬಾ ಕಡಿಮೆ ಇದ್ದರೆ ಧ್ವನಿ ಚಟಪಟ ಅನ್ನುತ್ತದೆ, ತುಂಬಾ ಜಾಸ್ತಿ ಇದ್ದರೆ ಕೀ ಒತ್ತಿದ್ದಕ್ಕೂ ಕೇಳುವುದಕ್ಕೂ ಅಂತರ ಬೀಳುತ್ತದೆ. 44.1 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಅಂದರೆ ಸುಮಾರು 5.8 ಮಿಲಿಸೆಕೆಂಡ್, 1024 ಅಂದರೆ 23. ನಡುವೆ 512ರಲ್ಲಿ ನೆಮ್ಮದಿ. ನೋಟ್‌ಪರ್ಫಾರ್ಮರ್ ಅನ್ನುವ ಧ್ವನಿ ಸಾಫ್ಟ್‌ವೇರ್ ಹಾಕಿಕೊಂಡವರಿಗೆ ಪ್ಲೇ ಒತ್ತಿದ ಮೇಲೆ ಒಂದು ಸೆಕೆಂಡ್ ತಡ ಕಾಣುತ್ತದೆ. ಅದು ಮುಂದಿನ ಸ್ವರಗಳನ್ನು ಮೊದಲೇ ಓದಿಕೊಂಡು ನುಡಿಸುವ ರೀತಿಯೇ ಹಾಗೆ, ಸರಿಪಡಿಸಲು ಹೋಗಬೇಡಿ.

ಹಂತ 8: ಇಷ್ಟಾದರೂ ಸರಿಹೋಗದಿದ್ದರೆ

ಹೊಸ ಯಂತ್ರ ತೆಗೆದುಕೊಳ್ಳುವುದೇ ಆದರೆ ಕೋರ್‌ಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಈ ಕೆಲಸಕ್ಕೆ ಒಂದು ಕೋರ್ ಎಷ್ಟು ವೇಗ ಅನ್ನುವುದೇ ಮುಖ್ಯ. ಗ್ರಾಫಿಕ್ಸ್ ಚಿಪ್ ಪ್ರೊಸೆಸರಿನ ಒಳಗೇ ಇದ್ದರೆ ಅದು ಮುಖ್ಯ ಮೆಮರಿಯನ್ನೇ ಹಂಚಿಕೊಳ್ಳುತ್ತದೆ. ಅಂಥ ಕಡೆ ಒಂದೇ ಮೆಮರಿ ಕಡ್ಡಿ ಇರುವ ಬದಲು ಒಂದೇ ತರಹದ ಎರಡು ಕಡ್ಡಿ ಇದ್ದರೆ ದಾರಿ ಎರಡರಷ್ಟು ಅಗಲ. ಇರುವ ಕಂಪ್ಯೂಟರಿಗೆ ಇನ್ನೊಂದು ಕಡ್ಡಿ ಹಾಕುವ ಜಾಗ ಇದೆಯಾ ಅಂತ ಮೊದಲು ನೋಡಿ.

ಸಾಫ್ಟ್‌ವೇರ್ ಮಾಡಿದವರಿಗೆ ದೂರು ಬರೆಯುವಾಗ "ತುಂಬಾ ಸ್ಲೋ" ಅಂತಷ್ಟೇ ಬರೆದರೆ ಅವರೂ ಕೈ ಚೆಲ್ಲುತ್ತಾರೆ. ಪರದೆಯ ರೆಸಲ್ಯೂಶನ್, ಸ್ಕೇಲ್ ಶೇಕಡಾ, ಹರ್ಟ್ಜ್, ಮಾನಿಟರ್ ಎಷ್ಟು, ಗ್ರಾಫಿಕ್ಸ್ ಚಿಪ್ ಮತ್ತು ಡ್ರೈವರ್, ಸಾಫ್ಟ್‌ವೇರ್ ಆವೃತ್ತಿ ಬರೆಯಿರಿ. ವಿಂಡೋ ಕುಗ್ಗಿಸಿದಾಗ ಏನಾಯಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿ, ಅವರಿಗೆ ಅದು ಅರ್ಧ ಉತ್ತರ. ಸ್ಕೋರ್ ಫೈಲನ್ನೂ ಕಳಿಸಿ. ಇನ್ನೂ ಹೊರಬಾರದ ರಚನೆ, ಕೊಡಲು ಮನಸ್ಸಿಲ್ಲ ಅಂದರೆ ಮೂವತ್ತು ಸ್ಟಾಫಿನ ಖಾಲಿ ಸ್ಕೋರ್ ಮಾಡಿ, ಒಂದು ಬಾರ್‌ನಲ್ಲಿ ಹದಿನಾರನೇ ಒಂದು (1/16) ಅವಧಿಯ ನೋಟ್‌ಗಳನ್ನು ತುಂಬಿಸಿ, ಅದನ್ನೇ ಇನ್ನೂರು ಬಾರ್‌ಗಳಿಗೆ ಕಾಪಿ ಮಾಡಿ, ಅದರಲ್ಲೂ ಅಷ್ಟೇ ತೆವಳುತ್ತದೆ ಅಂತ ಖಚಿತ ಮಾಡಿಕೊಂಡು ಅದನ್ನು ಕಳಿಸಿ.